ಕೆರೆ ನೀರನ್ನು ನಾವೇ ಅಳೆದರೆ ಆ ಅಂಕಿಯನ್ನು ಯಾರಾದರೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆಯೇ?

ಏರಿಮೇಲಿನವಳು

ನಮ್ಮದು ಬೆಂಗಳೂರಿನ ಪೂರ್ವ ಭಾಗದ ಒಂದು ಕೆರೆ. ಹೆಸರು ಸದ್ಯಕ್ಕೆ ಬೇಡ, ಬಡಾವಣೆಯೊಳಗೇ ಜಗಳ ಶುರುವಾಗಿದೆ. ಬೆಳಿಗ್ಗೆ ಏರಿಯ ಮೇಲೆ ನಡೆಯಲು ಬರುವವರೇ ಸೇರಿ ಗುಂಪು ಮಾಡಿಕೊಂಡು ಇಷ್ಟು ಕಾಲ ಕಸ ಹೆಕ್ಕಿದೆವು, ಹೊಂಗೆ ನೆಟ್ಟೆವು, ಗಣೇಶನನ್ನು ಬಿಡಲು ಪ್ರತ್ಯೇಕ ಹೊಂಡಕ್ಕಾಗಿ ಓಡಾಡಿದೆವು. ಅವೆಲ್ಲ ಆಗುವ ಕೆಲಸಗಳು. ನೀರಿನ ವಿಷಯಕ್ಕೆ ಬಂದರೆ ಮಾತ್ರ ಯಾವ ಬಾಗಿಲು ತಟ್ಟಿದರೂ ಒಂದೇ ಉತ್ತರ: ಕಳೆದ ತಿಂಗಳ ಮಾದರಿಯಲ್ಲಿ ಅಂಥದ್ದೇನೂ ಕಂಡಿಲ್ಲ.

ಕಂಡಿಲ್ಲವಂತೆ! ಜೋರು ಮಳೆಯಾದ ಮರುದಿನ ಕೋಡಿಯಲ್ಲಿ ನೊರೆ ಮೊಣಕಾಲೆತ್ತರ ನಿಲ್ಲುತ್ತದೆ. ಮಾರ್ಚ್ ಬಂತೆಂದರೆ ನೀರು ಹಸಿರಾಗಿ ಗಟ್ಟಿಯಾಗುತ್ತದೆ. ಕೆಲವು ದಿನ ಬೆಳಿಗ್ಗೆ ತೂಬಿನ ಬಳಿ ಸತ್ತ ಮೀನುಗಳು ತೇಲುತ್ತಿರುತ್ತವೆ. ಹತ್ತು ಗಂಟೆಯ ಹೊತ್ತಿಗೆ ಹದ್ದು ಕಾಗೆಗಳು ಆ ಸಾಕ್ಷಿಯನ್ನೂ ಮುಗಿಸಿರುತ್ತವೆ. ಕೊನೆಗೆ ನಾವೇ ಒಂದು ಕಿಟ್ ತಂದು ಅಳೆದು, ಅಂಕಿಗಳನ್ನು ಬರೆದುಕೊಂಡು ಸಂಬಂಧಪಟ್ಟ ಕಚೇರಿಗೆ ಹೋದೆವು. ಅಲ್ಲಿದ್ದವರು ಕಾಗದ ನೋಡಲೂ ಇಲ್ಲ. "ಇದಕ್ಕೆ ಮಾನ್ಯತೆ ಇಲ್ಲ ಮೇಡಂ" ಎಂದರು.

ನನಗೆ ತಿಳಿಯಬೇಕಿರುವುದು ಇಷ್ಟು. ನಮ್ಮಂಥವರು ಏನನ್ನು ಅಳೆಯಬಹುದು, ಏನನ್ನು ಅಳೆಯಲು ಹೋಗಬಾರದು? ಅಳೆದದ್ದು ಎಲ್ಲಾದರೂ ಉಪಯೋಗಕ್ಕೆ ಬಂದಿದೆಯೇ?

ಎ ಬ್ಲಾಕ್ ನಿವಾಸಿ

ಇಷ್ಟೆಲ್ಲ ಯಾಕೆ? ನನ್ನ ಬಳಿ ಟಿಡಿಎಸ್ ಮೀಟರ್ (ನೀರಿನಲ್ಲಿ ಕರಗಿದ ಲವಣಾಂಶ ತೋರಿಸುವ ಸಾಧನ) ಇದೆ. ಕೆರೆಯ ನೀರಿಗೆ ಅದ್ದಿದೆ, 600ಕ್ಕೂ ಮೇಲೆ ತೋರಿಸಿತು. ಕುಡಿಯುವ ನೀರಿಗೆ 500 ಮಿತಿ. ಕೆರೆ ಕೆಟ್ಟಿದೆ ಎಂದು ಹೇಳಲು ಇನ್ನೇನು ಬೇಕು?

ಬ್ಯುರೆಟ್ ರಾಯರು

ಎ ಬ್ಲಾಕ್ ಅವರೇ, ನಾನು ಜೀವಮಾನವೆಲ್ಲ ನೀರಿನ ಪ್ರಯೋಗಾಲಯದಲ್ಲಿ ಕೆಲಸ ಮಾಡಿ ನಿವೃತ್ತನಾದವನು. ದಯವಿಟ್ಟು ಆ ಮೀಟರನ್ನು ಒಂದು ಕ್ಷಣ ಪಕ್ಕಕ್ಕಿಡಿ. ಬಿಸಾಡಬೇಡಿ, ಅದಕ್ಕೂ ಒಂದು ಕೆಲಸವಿದೆ, ಆಮೇಲೆ ಹೇಳುತ್ತೇನೆ.

ಟಿಡಿಎಸ್ ಮೀಟರ್ ಅಳೆಯುವುದು ನೀರಿನಲ್ಲಿ ವಿದ್ಯುತ್ ಎಷ್ಟು ಸುಲಭವಾಗಿ ಹರಿಯುತ್ತದೆ ಎಂಬುದನ್ನು. ಅದನ್ನು ಒಂದು ಗುಣಕದಿಂದ ಗುಣಿಸಿ ಲವಣಾಂಶವೆಂದು ತೋರಿಸುತ್ತದೆ. ರೋಗಾಣು, ಕೀಟನಾಶಕ, ಆಮ್ಲಜನಕ ಯಾವುದೂ ಅದಕ್ಕೆ ಕಾಣುವುದಿಲ್ಲ. ಕಾಲರಾ ಹರಡುವ ನೀರೂ 150 ತೋರಿಸಬಹುದು, ಒಳ್ಳೆಯ ಬೋರ್‌ವೆಲ್ ನೀರು 700 ತೋರಿಸಬಹುದು. ಕುಡಿಯುವ ನೀರಿನ ಭಾರತೀಯ ಮಾನಕವಾದ ಬಿಐಎಸ್ 10500ರ ಪ್ರಕಾರ 500 ಎಂಬುದು ಅಪೇಕ್ಷಣೀಯ ಮಟ್ಟ. ಬೇರೆ ಮೂಲ ಇಲ್ಲದಿದ್ದರೆ 2000ದವರೆಗೂ ಅನುಮತಿ ಇದೆ. ಅದಿರಲಿ, ಕೆರೆಗೆ ಕುಡಿಯುವ ನೀರಿನ ಮಾನದಂಡ ಹಚ್ಚುವುದೇ ತಪ್ಪು.

ಮನೆಗೆ ಬಂದು ಆರ್‌ಒ ಯಂತ್ರ ಮಾರುವವರು ಎರಡು ಲೋಟ ಇಟ್ಟು, ಲೋಹದ ಕಡ್ಡಿಗಳನ್ನು ಇಳಿಬಿಟ್ಟು ಪ್ಲಗ್ ಹಾಕುತ್ತಾರಲ್ಲ, ನಲ್ಲಿ ನೀರು ಕಂದು ಕೆಸರಾಗುತ್ತದೆ, ಅವರ ನೀರು ತಿಳಿಯಾಗಿಯೇ ಇರುತ್ತದೆ. ಆ ಕೆಸರು ನೀರಿನೊಳಗಿನ ಕೊಳೆಯಲ್ಲ, ಕಬ್ಬಿಣದ ಕಡ್ಡಿಯೇ ಕರಗಿ ಬಂದದ್ದು. ನೀರಿನಲ್ಲಿ ಲವಣವಿದ್ದರೆ ವಿದ್ಯುತ್ ಹರಿಯುತ್ತದೆ, ಕಡ್ಡಿ ಕರಗುತ್ತದೆ. ಲವಣವಿಲ್ಲದಿದ್ದರೆ ಏನೂ ಆಗುವುದಿಲ್ಲ. ಎಷ್ಟು ಮನೆಗಳಲ್ಲಿ ಈ ಆಟ ನಡೆದಿದೆಯೋ! ನಮ್ಮ ನಗರದ ಜನ ನೀರಿನ ಗುಣಮಟ್ಟವೆಂದರೆ ಟಿಡಿಎಸ್ ಎಂದು ಕಲಿತದ್ದೇ ಆ ಸೇಲ್ಸ್‌ಮನ್‌ಗಳಿಂದ.

ಈಗ ಏರಿಮೇಲಿನವಳು ಅವರ ಪ್ರಶ್ನೆಗೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ನೀರನ್ನು ಎ ಯಿಂದ ಇ ವರೆಗೆ ಐದು ವರ್ಗ ಮಾಡಿದೆ. ಮೀನು ಮತ್ತು ವನ್ಯಜೀವಿಗಳಿಗೆ ಯೋಗ್ಯವಾದದ್ದು ಡಿ: ಕರಗಿದ ಆಮ್ಲಜನಕ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ, ಮುಕ್ತ ಅಮೋನಿಯ 1.2ಕ್ಕಿಂತ ಹೆಚ್ಚಿರಬಾರದು, ಪಿಎಚ್ (ಆಮ್ಲ-ಕ್ಷಾರದ ಅಳತೆ) 6.5ರಿಂದ 8.5. ಇ ಎಂದರೆ ನೀರಾವರಿ, ಕೈಗಾರಿಕೆಯ ತಂಪುಗೊಳಿಸುವಿಕೆಯಂಥವಕ್ಕೆ ಮಾತ್ರ. ಆ ವರ್ಗದಲ್ಲಿ ಆಮ್ಲಜನಕದ ಷರತ್ತೇ ಇಲ್ಲ. ಆದ್ದರಿಂದ ನಿಮ್ಮ ಕೆರೆ "ಇ ವರ್ಗಕ್ಕೆ ಅನುಗುಣವಾಗಿದೆ" ಎಂದು ವರದಿ ಬಂದರೆ ಮೀನು ಸತ್ತರೂ ಆ ವರದಿ ಸುಳ್ಳಾಗುವುದಿಲ್ಲ. ರಾಜ್ಯ ಮಂಡಳಿ ಕೆರೆಗಳ ವರದಿಗಳನ್ನು ಜಾಲತಾಣದಲ್ಲಿ ಹಾಕುತ್ತದೆ. ಮೊದಲು ಅದನ್ನು ತೆಗೆದು ನಿಮ್ಮ ಕೆರೆ ಯಾವ ವರ್ಗದಲ್ಲಿದೆ ನೋಡಿ, ಮಾದರಿ ಎಲ್ಲಿಂದ ತೆಗೆದಿದ್ದಾರೆ ಎಂಬುದನ್ನೂ ನೋಡಿ.

ನೀವು ಅಳೆಯಲು ಹೋಗಬಾರದದ್ದು: ಬಿಒಡಿ, ಅಂದರೆ ನೀರಿನೊಳಗಿನ ಕೊಳೆಯನ್ನು ಕೊಳೆಸಲು ಬ್ಯಾಕ್ಟೀರಿಯಾಗಳು ಬಳಸುವ ಆಮ್ಲಜನಕದ ಪ್ರಮಾಣ. ನಮ್ಮ ದೇಶದ ವಿಧಾನದಲ್ಲಿ ಅದಕ್ಕೆ 27 ಡಿಗ್ರಿಯಲ್ಲಿ ಮೂರು ದಿನ ಶೀಷೆಯನ್ನು ಕತ್ತಲಲ್ಲಿ ಇಡಬೇಕು, ಆ ಉಷ್ಣತೆ ಏರುಪೇರಾಗಬಾರದು. ಭಾರಲೋಹಗಳೂ ನಿಮ್ಮಿಂದ ಆಗುವುದಿಲ್ಲ. ಆಗುವಂಥವು: ಉಷ್ಣತೆ, ಪಿಎಚ್, ವಿದ್ಯುತ್ ವಾಹಕತೆ, ನೀರಿನ ತಿಳಿತನ, ಕರಗಿದ ಆಮ್ಲಜನಕ, ಬೇಕಾದರೆ ನೈಟ್ರೇಟ್ ಮತ್ತು ಫಾಸ್ಫೇಟ್.

ನೈಟ್ರೇಟ್ ವಿಷಯದಲ್ಲಿ ಒಂದು ಎಚ್ಚರಿಕೆ. ಕೆಲವು ಕಿಟ್‌ಗಳು ನೈಟ್ರೇಟ್ ಎಂದೇ ತೋರಿಸುತ್ತವೆ, ಕೆಲವು ನೈಟ್ರೇಟಿನೊಳಗಿನ ನೈಟ್ರೋಜನ್ ತೋರಿಸುತ್ತವೆ. ಒಂದರ 10 ಇನ್ನೊಂದರ 44. ಪೆಟ್ಟಿಗೆಯ ಮೇಲೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಎರಡು ಕಂಪನಿಯ ಕಿಟ್ ಬೆರೆಸಿಕೊಂಡರೆ ಇಡೀ ವರ್ಷದ ನೋಟ್‌ಬುಕ್ ಕಸಕ್ಕೆ ಹೋಗುತ್ತದೆ.

ವಿಜ್ಞಾನ ಮೇಷ್ಟ್ರು

ತಿಳಿತನಕ್ಕೆ ದುಡ್ಡು ಖರ್ಚು ಮಾಡಬೇಕಿಲ್ಲ. ಸೆಕಿ ತಟ್ಟೆ ಎಂದು ಕರೆಯುತ್ತಾರೆ, 1865ರಲ್ಲಿ ಇಟಲಿಯ ಖಗೋಳ ವಿಜ್ಞಾನಿ ಆಂಜೆಲೊ ಸೆಕಿ ಸಮುದ್ರದಲ್ಲಿ ಬಳಸಿ ನೋಡಿದ ಉಪಾಯ. ನಮ್ಮ ಶಾಲೆಯ ಮಕ್ಕಳು 20 ಸೆಂಟಿಮೀಟರ್ ಅಗಲದ ಸ್ಟೀಲ್ ತಟ್ಟೆಗೆ ಎದುರುಬದುರಾಗಿ ಎರಡು ಕಾಲುಭಾಗಕ್ಕೆ ಕಪ್ಪು, ಉಳಿದೆರಡು ಕಾಲುಭಾಗಕ್ಕೆ ಬಿಳಿ ಎನಾಮಲ್ ಬಳಿದು, ನಡುವೆ ತೂತು ಕೊರೆದು, ಕೆಳಗೆ ಒಂದು ಬೋಲ್ಟ್ ತೂಗುಹಾಕಿ ಮಾಡಿದರು. ಹಗ್ಗಕ್ಕೆ ಹತ್ತು ಸೆಂಟಿಮೀಟರಿಗೊಂದು ಗಂಟು. ತಟ್ಟೆ ಕಣ್ಮರೆಯಾದಲ್ಲಿ ಒಂದು ಲೆಕ್ಕ, ಮೇಲೆತ್ತುವಾಗ ಮತ್ತೆ ಕಂಡಲ್ಲಿ ಇನ್ನೊಂದು, ಎರಡರ ಸರಾಸರಿ. ನೆರಳಿರುವ ಕಡೆ ನಿಂತು ನೋಡಬೇಕು, ತಂಪು ಕನ್ನಡಕ ಹಾಕಿರಬಾರದು. ಹಗ್ಗ ನೈಲಾನಿನದ್ದಾಗಿರಲಿ, ಹತ್ತಿಯದ್ದು ನೆನೆದರೆ ಉದ್ದ ಬದಲಾಗುತ್ತದೆ.

ಫ್ರೆಶ್‌ವಾಟರ್ ವಾಚ್ ಎಂಬ ಅಂತರರಾಷ್ಟ್ರೀಯ ಕಾರ್ಯಕ್ರಮವೂ ಇದನ್ನೇ ಮಾಡುತ್ತದೆ: ನೈಟ್ರೇಟ್, ಫಾಸ್ಫೇಟ್, ತಿಳಿತನ ಮತ್ತು ಸುತ್ತಮುತ್ತ ಕಂಡದ್ದರ ಟಿಪ್ಪಣಿ. ಇಷ್ಟನ್ನೇ ಎಲ್ಲ ದೇಶಗಳಲ್ಲಿ ಒಂದೇ ರೀತಿ. ಅವರು ಹತ್ತು ಅಂಶ ಸೇರಿಸದೆ ಮೂರ್ನಾಲ್ಕಕ್ಕೆ ನಿಲ್ಲಿಸಿದ್ದರಲ್ಲೇ ಜಾಣತನವಿದೆ.

ಕಡತವಾಸಿ

ನಾನು ನೀರಿಗೆ ಸಂಬಂಧಿಸಿದ ಒಂದು ಸರಕಾರಿ ಕಚೇರಿಯಲ್ಲಿ ಇಂಜಿನಿಯರ್. ಮೇಡಂ ಅವರಿಗೆ ಸಿಕ್ಕ ಉತ್ತರದ ದನಿ ಸರಿಯಲ್ಲ, ಒಪ್ಪುತ್ತೇನೆ. ಆದರೆ ಈ ಕಡೆಯ ಮಾತನ್ನೂ ಯಾರಾದರೂ ಹೇಳಬೇಕು.

1974ರ ಜಲ ಕಾಯ್ದೆಯ 21ನೇ ಕಲಮಿನ ಪ್ರಕಾರ ತ್ಯಾಜ್ಯ ನೀರಿನ ಮಾದರಿ ನ್ಯಾಯಾಲಯದಲ್ಲಿ ಸಾಕ್ಷ್ಯವಾಗಬೇಕಾದರೆ ಅದನ್ನು ಮಂಡಳಿಯ ಅಧಿಕಾರಿಯೇ ತೆಗೆಯಬೇಕು, ಆಗಲೇ ಸ್ಥಳದ ಮಾಲೀಕನಿಗೆ ನೋಟಿಸ್ ಕೊಡಬೇಕು, ಮಾದರಿಯನ್ನು ಎರಡು ಭಾಗ ಮಾಡಿ ಮೊಹರು ಹಾಕಬೇಕು. ಇದರಲ್ಲಿ ಒಂದು ತಪ್ಪಿದರೂ ಎದುರು ಪಕ್ಷದ ವಕೀಲರಿಗೆ ಹಬ್ಬ. ಹೀಗಾಗಿ ನೀವು ತಂದ ಅಂಕಿಯಿಂದ ನಾವು ಯಾರ ಮೇಲೂ ಮೊಕದ್ದಮೆ ಹೂಡಲಾರೆವು.

ಅಂದ ಮಾತ್ರಕ್ಕೆ ಅದು ನಿಷ್ಪ್ರಯೋಜಕವಲ್ಲ. ನಮ್ಮವರಿಗೆ ಬರುವ ದೂರುಗಳು ಹೇಗಿರುತ್ತವೆ ಗೊತ್ತೇ? ವಾಟ್ಸಾಪಿನಲ್ಲಿ ನೊರೆಯ ಒಂದು ಫೋಟೋ, ಕೆಳಗೆ "ನಾಚಿಕೆಯಾಗಬೇಕು". ಎಲ್ಲಿ, ಯಾವಾಗ, ಯಾವ ಕಡೆಯ ಒಳಹರಿವು, ಒಂದೂ ಇಲ್ಲ. ಅದೇ ಯಾರಾದರೂ "ಉತ್ತರದ ರಾಜಕಾಲುವೆ ಕೆರೆ ಸೇರುವಲ್ಲಿ ಪ್ರತಿ ಶನಿವಾರ ಬೆಳಗಿನ ಜಾವ ವಾಹಕತೆ ದುಪ್ಪಟ್ಟಾಗುತ್ತಿದೆ, ಉಳಿದ ದಿನ ಇಲ್ಲ" ಎಂದು ಬರೆದು ಕೊಟ್ಟರೆ ನಾನು ಮಾದರಿ ತೆಗೆಯುವವರನ್ನು ಶನಿವಾರ ಬೆಳಗಿನ ಜಾವಕ್ಕೇ ಕಳುಹಿಸಬಹುದು. ನಿಮ್ಮ ಅಂಕಿ ನಮಗೆ ತೀರ್ಪು ಕೊಡಬೇಕಿಲ್ಲ. ಎಲ್ಲಿಗೆ ಯಾವಾಗ ಬರಬೇಕು ಎಂದು ಹೇಳಿದರೆ ಸಾಕು.

ಇನ್ನೊಂದು ವಿಷಯ ಬಹಳ ಜನರಿಗೆ ತಿಳಿದಿಲ್ಲ. ಅದೇ ಕಾಯ್ದೆಯ 49ನೇ ಕಲಮಿನಂತೆ 60 ದಿನಗಳ ನೋಟಿಸ್ ಕೊಟ್ಟು ಯಾವ ನಾಗರಿಕನಾದರೂ ನೇರವಾಗಿ ನ್ಯಾಯಾಲಯಕ್ಕೆ ದೂರು ಕೊಡಬಹುದು. ಆಗ ಮಂಡಳಿ ತನ್ನ ಬಳಿಯಿರುವ ಸಂಬಂಧಿತ ವರದಿಗಳನ್ನು ಕೇಳಿದವರಿಗೆ ಒದಗಿಸಬೇಕು. ಸಾರ್ವಜನಿಕ ಹಿತಕ್ಕೆ ವಿರುದ್ಧ ಎನಿಸಿದ್ದನ್ನು ತಡೆಹಿಡಿಯಲು ಅವಕಾಶವಿದೆ, ಆದರೆ ಸುಮ್ಮನೆ ಇಲ್ಲವೆನ್ನುವಂತಿಲ್ಲ.

ಹುಬ್ಬಳ್ಳಿ ನಲ್ಲಿ

ಬೆಂಗಳೂರಿನವರಿಗೆ ನೀರೆಂದರೆ ಕೆರೆ. ನಮಗೆ ನೀರೆಂದರೆ ನಲ್ಲಿಗೆ ಯಾವತ್ತು ಬರುತ್ತದೆ ಎಂಬ ಪ್ರಶ್ನೆ. ಚರ್ಚೆಯನ್ನು ಸ್ವಲ್ಪ ಇತ್ತ ತಿರುಗಿಸುತ್ತೇನೆ, ಕ್ಷಮೆಯಿರಲಿ.

ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಿಗೆ 2008ರ ಹೊತ್ತಿಗೆ ದಿನದ 24 ಗಂಟೆಯೂ ನೀರು ಬರತೊಡಗಿತು, ಉಳಿದ ಕಡೆ ಹಲವು ದಿನಗಳಿಗೊಮ್ಮೆ. ಒಂದೇ ಊರು, ಒಂದೇ ಮೂಲದ ನೀರು, ಎರಡು ಬಗೆಯ ಪೂರೈಕೆ. ಸಂಶೋಧಕರಿಗೆ ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಸಿಗಲಾರದು. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದವರು ಎರಡೂ ಕಡೆಯ ನಲ್ಲಿಗಳಿಂದ ಮಾದರಿ ತೆಗೆದು ಹೋಲಿಸಿ 2013ರಲ್ಲಿ ಪ್ರಕಟಿಸಿದರು. ಸತತವಾಗಿ ಬರುವ ನಲ್ಲಿಗಳಲ್ಲಿ ಇ. ಕೋಲಿ (ಮಲದಿಂದ ಬರುವ ಬ್ಯಾಕ್ಟೀರಿಯಾ) ಬಹಳ ಅಪರೂಪ, ಬಿಟ್ಟು ಬಿಟ್ಟು ಬರುವ ನಲ್ಲಿಗಳಲ್ಲಿ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು. ಕಾರಣ ಸರಳ. ಪೈಪಿನಲ್ಲಿ ಒತ್ತಡವಿಲ್ಲದಾಗ ಸೀಳುಗಳ ಮೂಲಕ ಹೊರಗಿನ ಕೊಳಚೆ ಒಳಗೆ ಇಳಿಯುತ್ತದೆ, ಮತ್ತೆ ನೀರು ಬಿಟ್ಟಾಗ ಅದನ್ನೇ ತಳ್ಳಿಕೊಂಡು ಮನೆಗೆ ಬರುತ್ತದೆ.

ಹಾಗಾದರೆ ಯಾರು ಯಾವಾಗ ಅಳೆಯಬೇಕು? ಜಲಮಂಡಳಿಯ ಮಾದರಿ ಸಂಗ್ರಹಿಸುವವನು ಬರುವ ಹೊತ್ತಿಗೆ ನೀರು ಬಿಟ್ಟು ಒಂದು ಗಂಟೆಯಾಗಿರುತ್ತದೆ, ಬಣ್ಣ ಹೋಗಿರುತ್ತದೆ. ನಮ್ಮ ಓಣಿಯಲ್ಲಿ ರಾತ್ರಿ ಎರಡಕ್ಕೆ ನೀರು ಬಿಟ್ಟರೆ ಮೊದಲ ಕೊಡ ಹಿಡಿಯುವವರು ಹೆಂಗಸರು. ಆ ಮೊದಲ ಕೊಡದ ನೀರಿನಲ್ಲಿ ಉಳಿಕೆ ಕ್ಲೋರಿನ್ ಇದೆಯೇ ಎಂದು ಒಂದು ಡಿಪಿಡಿ ಮಾತ್ರೆ ಹಾಕಿ ನೋಡಿದರೆ ಸಾಕು. ತಿಳಿಗುಲಾಬಿ ಬಣ್ಣ ಬಂದರೆ ಕ್ಲೋರಿನ್ ಇದೆ, ಬರದಿದ್ದರೆ ಕುದಿಸದೆ ಕುಡಿಯಬಾರದು. ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕೆಂದು ಮಾನಕ ಹೇಳುತ್ತದೆ. ರಾತ್ರಿ ಎರಡು ಗಂಟೆಗೆ ಓಣಿಯಲ್ಲಿ ನಿಲ್ಲುವ ನೌಕರ ಯಾವ ಇಲಾಖೆಯಲ್ಲಿದ್ದಾನೆ ಹೇಳಿ?

ಒಡಿಶಾದ ಪುರಿಯಲ್ಲಿ 2021ರಲ್ಲಿ ನಲ್ಲಿಯಿಂದಲೇ ಕುಡಿಯುವ ಯೋಜನೆ ತಂದಾಗ ಸ್ವಸಹಾಯ ಗುಂಪಿನ ಹೆಂಗಸರನ್ನು "ಜಲಸಾಥಿ" ಎಂದು ನೇಮಿಸಿ ಮನೆಮನೆಯಲ್ಲಿ ನೀರು ಪರೀಕ್ಷಿಸುವ ಕೆಲಸವನ್ನೂ ಬಿಲ್ ವಸೂಲಿಯನ್ನೂ ಕೊಟ್ಟರು. ಅವರಿಗೆ ಅದರಿಂದ ಸಂಪಾದನೆ ಇದೆ. ನಮ್ಮಲ್ಲಿ ನಾಗರಿಕ ವಿಜ್ಞಾನವೆಂದರೆ ಬಿಟ್ಟಿ ಚಾಕರಿ ಎಂದೇ ತಿಳಿಯುತ್ತಾರೆ, ಅದೊಂದು ನನಗೆ ಸಿಟ್ಟು.

ಏರಿಮೇಲಿನವಳು

ಹುಬ್ಬಳ್ಳಿಯವರೇ, ಕ್ಷಮೆ ಯಾಕೆ, ಇದು ನಮಗೂ ಬೇಕಾದದ್ದೇ. ಕ್ಲೋರಿನ್ ಇಲ್ಲವೆಂದರೆ ರೋಗಾಣು ಇದೆ ಎಂದೇ ಅರ್ಥವೇ?

ಬ್ಯುರೆಟ್ ರಾಯರು

ಅಲ್ಲ, ರಕ್ಷಣೆ ಇಲ್ಲ ಎಂದಷ್ಟೇ ಅರ್ಥ. ರೋಗಾಣುವಿಗೆ ಎಚ್‌2ಎಸ್ ಶೀಷೆ ಎಂಬುದಿದೆ, 1982ರಲ್ಲಿ ಭಾರತದ ವಿಜ್ಞಾನಿಗಳೇ ಪ್ರಕಟಿಸಿದ ವಿಧಾನ. ಸಣ್ಣ ಶೀಷೆಯೊಳಗೆ ಔಷಧ ಹಚ್ಚಿದ ಕಾಗದವಿರುತ್ತದೆ, ನೀರು ತುಂಬಿ ಬೆಚ್ಚಗಿನ ಜಾಗದಲ್ಲಿ ಇಟ್ಟರೆ ಒಂದೆರಡು ದಿನದಲ್ಲಿ ಮಲಮೂಲದ ಬ್ಯಾಕ್ಟೀರಿಯಾ ಇದ್ದರೆ ಕಪ್ಪಾಗುತ್ತದೆ. ಅಗ್ಗ, ಯಾರು ಬೇಕಾದರೂ ಓದಬಹುದು. ಆದರೆ ಗಂಧಕದ ವಾಸನೆಯಿರುವ ಬೋರ್‌ವೆಲ್ ನೀರು ಸುಮ್ಮಸುಮ್ಮನೆ ಕಪ್ಪಾಗಬಹುದು. ಕಪ್ಪಾದರೆ ಅದೇ ನೀರಿನ ಹೊಸ ಮಾದರಿಯನ್ನು ಪ್ರಯೋಗಾಲಯಕ್ಕೆ ಕೊಟ್ಟು ಖಚಿತಪಡಿಸಿಕೊಳ್ಳಿ. ಹಾಗೆ ಕೊಡುವಾಗ ಕುಕ್ಕರಿನಲ್ಲಿ ಕುದಿಸಿದ ಜಾಮ್ ಬಾಟಲಿ ಬೇಡ. ಕ್ಲೋರಿನ್ ಇರುವ ನೀರಿಗೆ ಅದನ್ನು ತಟಸ್ಥಗೊಳಿಸುವ ಸೋಡಿಯಂ ಥಯೋಸಲ್ಫೇಟ್ ಹಾಕಿದ ಬಾಟಲಿಯನ್ನು ಪ್ರಯೋಗಾಲಯದವರೇ ಕೊಡುತ್ತಾರೆ. ಐಸ್ ಪೆಟ್ಟಿಗೆಯಲ್ಲಿಟ್ಟು ಆರು ಗಂಟೆಯೊಳಗೆ ತಲುಪಿಸಿ. ಬಳಸಿದ ಶೀಷೆಗಳನ್ನು ಬ್ಲೀಚಿಂಗ್ ದ್ರಾವಣ ಸುರಿದು ಆಮೇಲೆ ಎಸೆಯಿರಿ, ಅದರೊಳಗೆ ನೀವು ರೋಗಾಣು ಬೆಳೆಸಿದ್ದೀರಿ.

ಡೆಟ್ರಾಯಿಟ್ ದಂಡೆ

ಮಿಶಿಗನ್‌ನಿಂದ ಬರೆಯುತ್ತಿದ್ದೇನೆ. ನಾನಿರುವ ಊರಿಂದ ಫ್ಲಿಂಟ್ ಒಂದು ಗಂಟೆಯ ದಾರಿ. "ಎಲ್ಲಾದರೂ ಉಪಯೋಗಕ್ಕೆ ಬಂದಿದೆಯೇ" ಎಂಬ ಪ್ರಶ್ನೆಗೆ ಇಲ್ಲಿಯ ಕತೆಗಿಂತ ನೇರವಾದ ಉತ್ತರ ಇರಲಾರದು.

2014ರ ಏಪ್ರಿಲಿನಲ್ಲಿ ಖರ್ಚು ಉಳಿಸಲೆಂದು ಫ್ಲಿಂಟ್ ನಗರ ಡೆಟ್ರಾಯಿಟಿನಿಂದ ಕೊಳ್ಳುತ್ತಿದ್ದ ಹ್ಯೂರನ್ ಸರೋವರದ ನೀರನ್ನು ಬಿಟ್ಟು ಫ್ಲಿಂಟ್ ನದಿಯ ನೀರನ್ನು ಬಳಸತೊಡಗಿತು. ಪೈಪುಗಳು ಸವೆಯದಂತೆ ತಡೆಯುವ ರಾಸಾಯನಿಕ ಸೇರಿಸಲಿಲ್ಲ. ಹಳೆಯ ಸೀಸದ ಪೈಪುಗಳಿಂದ ಸೀಸ ಕರಗಿ ನಲ್ಲಿಗೆ ಬಂತು. ಸೀಸಕ್ಕೆ ರುಚಿಯಿಲ್ಲ, ಬಣ್ಣವಿಲ್ಲ. ಲೀಆನ್ ವಾಲ್ಟರ್ಸ್ ಎಂಬ ಗೃಹಿಣಿ ತನ್ನ ಮಕ್ಕಳ ಮೈಮೇಲಿನ ಗಂದೆ ನೋಡಿ ಬೆನ್ನು ಹತ್ತಿದವರು. ಅಧಿಕಾರಿಗಳು ನೀರು ಸುರಕ್ಷಿತ ಎನ್ನುತ್ತಲೇ ಇದ್ದರು, ಅವರ ಬಳಿಯೂ ವರದಿಗಳಿದ್ದವು. ಆ ವರದಿಗಳ ಗುಟ್ಟು ಮಾದರಿ ತೆಗೆಯುವ ಸೂಚನೆಯಲ್ಲಿತ್ತು: ಹಿಂದಿನ ರಾತ್ರಿ ನಲ್ಲಿಯನ್ನು ಕೆಲವು ನಿಮಿಷ ಪೂರ್ತಿ ಬಿಟ್ಟು ಆಮೇಲೆ ನಿಲ್ಲಿಸಿ, ಬೆಳಿಗ್ಗೆ ಮಾದರಿ ತೆಗೆಯಿರಿ ಎಂದು ಜನರಿಗೆ ಹೇಳಲಾಗಿತ್ತು. ಪೈಪಿನಲ್ಲಿ ಕೂತಿದ್ದ ಸೀಸ ರಾತ್ರಿಯೇ ಚರಂಡಿ ಸೇರಿರುತ್ತಿತ್ತು.

ವಾಲ್ಟರ್ಸ್ ಅವರು ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಮಾರ್ಕ್ ಎಡ್ವರ್ಡ್ಸ್ ಅವರ ಜೊತೆ ಸೇರಿದರು. 2015ರ ಆಗಸ್ಟಿನಲ್ಲಿ 300 ಕಿಟ್ ಬಂದವು, ನಿವಾಸಿಗಳೇ ಮನೆಮನೆಗೆ ಹಂಚಿದರು, ಸುಮಾರು 270 ವಾಪಸ್ ಬಂದವು. ಪ್ರತಿ ಕಿಟ್‌ನಲ್ಲಿ ಮೂರು ಬಾಟಲಿ. ರಾತ್ರಿಯೆಲ್ಲ ನಲ್ಲಿ ಮುಟ್ಟದೆ ಬೆಳಿಗ್ಗೆ ಬಂದ ಮೊದಲ ಒಂದು ಲೀಟರ್ ಒಂದಕ್ಕೆ, 45 ಸೆಕೆಂಡ್ ಬಿಟ್ಟ ಮೇಲೆ ಅರ್ಧ ಲೀಟರ್ ಎರಡನೆಯದಕ್ಕೆ, ಎರಡು ನಿಮಿಷದ ನಂತರ ಸ್ವಲ್ಪ ಮೂರನೆಯದಕ್ಕೆ. ಅಷ್ಟೇ ಜನರ ಕೆಲಸ. ಅಳೆದದ್ದು ವಿಶ್ವವಿದ್ಯಾಲಯದ ಯಂತ್ರ. ಹೆಚ್ಚು ಸೀಸವಿದ್ದ ಶೇ. 10 ಮನೆಗಳಲ್ಲಿ ನೂರು ಕೋಟಿಗೆ 25 ಭಾಗಕ್ಕೂ ಮೇಲೆ ಬಂತು, ಆಗ ಕ್ರಮ ಕೈಗೊಳ್ಳಬೇಕಾಗಿದ್ದ ಮಟ್ಟ 15. ಸೆಪ್ಟೆಂಬರಿನಲ್ಲಿ ಮಕ್ಕಳ ವೈದ್ಯೆ ಮೋನಾ ಹನ್ನಾ ಅಟೀಶಾ ಮಕ್ಕಳ ರಕ್ತದಲ್ಲಿ ಸೀಸ ಏರಿದ್ದನ್ನು ತೋರಿಸಿದರು. ಅಕ್ಟೋಬರಿನಲ್ಲಿ ನಗರ ಮತ್ತೆ ಡೆಟ್ರಾಯಿಟಿನ ನೀರಿಗೆ ಮರಳಿತು.

ಅಲ್ಲಿ ಜನ ಕಿಟ್ ಹಿಡಿದು ರಸಾಯನಶಾಸ್ತ್ರ ಮಾಡಲು ಹೋಗಲಿಲ್ಲ. ಸರಿಯಾದ ಹೊತ್ತಿಗೆ, ಎಲ್ಲರೂ ಒಂದೇ ರೀತಿ ಬಾಟಲಿ ತುಂಬಿದರು. ಆ ಶಿಸ್ತಿನ ಎದುರು ಸರಕಾರದ ವರದಿ ನಿಲ್ಲಲಿಲ್ಲ.

ಎ ಬ್ಲಾಕ್ ನಿವಾಸಿ

ಫ್ಲಿಂಟ್, ಪುರಿ ಎಲ್ಲ ಸರಿ. ನಾನು ಬೇರೆ ಮಾತು ಹೇಳುತ್ತೇನೆ, ಬೈಯಬೇಡಿ. ಈ ಅಂಕಿಗಳನ್ನು ಫೇಸ್‌ಬುಕ್ಕಿಗೆ ಹಾಕಿದ ದಿನವೇ ನಮ್ಮ ಫ್ಲ್ಯಾಟುಗಳ ಬೆಲೆ ಇಳಿಯುತ್ತದೆ. ಕೆರೆ ನೋಟವೆಂದು ಚದರಡಿಗೆ ಹೆಚ್ಚು ಕೊಟ್ಟು ಕೊಂಡವರು ನಾವು. ಪತ್ರಿಕೆಯವರು "ವಿಷಕೆರೆ" ಎಂದು ಬರೆದರೆ ಬಾಡಿಗೆದಾರರೂ ಬರುವುದಿಲ್ಲ. ಸಂಘದ ಸಭೆಯಲ್ಲಿ ಬಹುಮತ ಇದಕ್ಕೆ ವಿರುದ್ಧವಾಗಿದೆ. ಕಚೇರಿಯವರಿಗೆ ಮಾತ್ರ ಕೊಡಿ, ಹೊರಗೆ ಹಾಕಬೇಡಿ.

ಕೋಲಾರದ ಕೋಡಿ

ನಿಮ್ಮ ಫ್ಲ್ಯಾಟಿನ ಬೆಲೆ ಬಗ್ಗೆ ಕೋಲಾರದವನಾಗಿ ನಾನೊಂದು ಮಾತು ಸೇರಿಸಬಹುದೇ?

2018ರ ಜೂನಿನಲ್ಲಿ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರು ಪೈಪಿನಲ್ಲಿ ನಮ್ಮ ಲಕ್ಷ್ಮೀಸಾಗರ ಕೆರೆಗೆ ಬಂತು. ಬರದ ನಾಡಿಗೆ ನೀರು ಬಂತೆಂದು ಜನ ಸಂತೋಷಪಟ್ಟರು, ಸುಳ್ಳಲ್ಲ. ಮುಂದಿನ ತಿಂಗಳೇ ಕೆರೆಯಲ್ಲಿ ನೊರೆ ಎದ್ದಿತು. ಅದನ್ನು ಮೊದಲು ಕಂಡವರು ಪ್ರಯೋಗಾಲಯದವರಲ್ಲ, ಊರಿನವರು. ಮೊಬೈಲಿನಲ್ಲಿ ಹಿಡಿದ ವಿಡಿಯೋ ಹರಿದಾಡಿತು, ಹೈಕೋರ್ಟ್ ಕೆಲವು ಕಾಲ ನೀರು ಬಿಡುವುದಕ್ಕೆ ತಡೆ ನೀಡಿತು. ಆಮೇಲೆ ನೀರು ಮತ್ತೆ ಬಂತು, ಕೆರೆಗಳು ತುಂಬಿದವು, ಅಂತರ್ಜಲವೂ ಏರಿತು. ಮೂರನೆಯ ಹಂತದ ಸಂಸ್ಕರಣೆ, ಅಂದರೆ ಇನ್ನೂ ಒಂದು ಸುತ್ತಿನ ಶುದ್ಧೀಕರಣ, ಬೇಕೋ ಬೇಡವೋ ಎಂಬ ವಾದ ಇನ್ನೂ ಮುಗಿದಿಲ್ಲ.

ಹೇಳಬೇಕಾದದ್ದು ಇದು. ನೀವು ಮೇಲೆ ಏನು ಮುಚ್ಚಿಡುತ್ತೀರೋ ಅದು ಕೆಳಗೆ ಯಾರದೋ ಬಾವಿಗೆ ಬರುತ್ತದೆ. ಅಂಕಿ ಕಚೇರಿಗೆ ಮಾತ್ರ ಎಂದರೆ ನಮಗೆ ಎಂದೂ ತಿಳಿಯುವುದಿಲ್ಲ.

ಹುಲ್ಲಿನ ಹೊರೆ

ಇಲ್ಲಿ "ನಾಗರಿಕರು" ಎಂದಾಗಲೆಲ್ಲ ಏರಿಯ ಮೇಲೆ ನಡೆಯುವವರ ಮಾತೇ ಬರುತ್ತಿದೆ. ನಮ್ಮ ಅಮ್ಮ ಹತ್ತಿರದ ಕೆರೆಯಂಚಿನಲ್ಲಿ ದಿನವೂ ದನಕ್ಕೆ ಹುಲ್ಲು ಕೊಯ್ಯುತ್ತಾರೆ. ನೀರಿಗೆ ಇಳಿಯುವುದು ಅವರು, ಕಾಲಿಗೆ ತುರಿಕೆ ಬರುವುದು ಅವರಿಗೆ. ಯಾವ ಮೂಲೆಯ ನೀರು ಯಾವ ದಿನ ಬೆಚ್ಚಗಿರುತ್ತದೆ, ಎಲ್ಲಿ ಕಾಲಿಟ್ಟರೆ ಗುಳ್ಳೆ ಏಳುತ್ತದೆ ಎಂದು ಅವರಿಗೆ ಗೊತ್ತು. ಮೀನಿನ ಗುತ್ತಿಗೆ ಹಿಡಿದವರಿಗೆ ಇನ್ನೂ ಹೆಚ್ಚು ಗೊತ್ತು. ಮೀನು ಸಾಯುವ ಹಿಂದಿನ ದಿನ ಮುಂಜಾನೆ ಅವು ಮೇಲೆ ಬಂದು ಬಾಯಿ ತೆರೆದು ತೇಕುತ್ತವೆ ಎಂದು ಮಾವ ಹೇಳುತ್ತಿರುತ್ತಾರೆ. ಆ ಮಾತು ಯಾರ ನೋಟ್‌ಬುಕ್ಕಿನಲ್ಲಿದೆ?

ಕೆರೆ ಅಭಿವೃದ್ಧಿ ಎಂದು ಬೇಲಿ ಹಾಕಿದಾಗ ಮೊದಲು ಹೊರಗೆ ಉಳಿದವರೂ ಇವರೇ. ಹಾಗಾಗಿ ಗುಂಪಿನವರು ಕರೆದರೆ ಅವರಿಗೆ ಅನುಮಾನ ಬರುತ್ತದೆ, ಅದಕ್ಕೆ ಬೇಸರ ಪಡಬೇಡಿ.

ಬ್ಯುರೆಟ್ ರಾಯರು

ಹುಲ್ಲಿನ ಹೊರೆ ಅವರೇ, ನಿಮ್ಮ ಮಾವ ಹೇಳಿದ್ದು ನೂರಕ್ಕೆ ನೂರು ನಿಜ. ಈ ಇಡೀ ಚರ್ಚೆಯ ಕೀಲಿ ಅಲ್ಲಿದೆ, ಸ್ವಲ್ಪ ವಿವರಿಸುತ್ತೇನೆ.

ಪಾಚಿ ಹಗಲಲ್ಲಿ ಬೆಳಕು ಕುಡಿದು ಆಮ್ಲಜನಕ ಬಿಡುತ್ತದೆ, ರಾತ್ರಿ ತಾನೇ ಆಮ್ಲಜನಕ ಬಳಸುತ್ತದೆ. ತಳದ ಕೊಳೆಯೂ ಬಳಸುತ್ತದೆ. ಹೀಗಾಗಿ ಹಸಿರುಗಟ್ಟಿದ ಕೆರೆಯಲ್ಲಿ ಮಧ್ಯಾಹ್ನ ಮೂರಕ್ಕೆ ಅಳೆದರೆ ಆಮ್ಲಜನಕ 10, 12 ಇರಬಹುದು, ಮುಂಜಾನೆ ಐದೂವರೆಗೆ ಅದೇ ಜಾಗದಲ್ಲಿ 1 ಇರಬಹುದು. ಬೆಂಗಳೂರಿನ ಎತ್ತರದಲ್ಲಿ 25 ಡಿಗ್ರಿಯ ಶುದ್ಧ ನೀರು ಹಿಡಿದಿಡುವುದೇ ಏಳೂವರೆಯಷ್ಟು. ಅದಕ್ಕಿಂತ ಬಹಳ ಹೆಚ್ಚು ಬಂದರೆ ಹಿಗ್ಗಬೇಡಿ, ಅದು ಪಾಚಿ ಅತಿಯಾದ ಗುರುತು, ರಾತ್ರಿ ಕುಸಿಯುತ್ತದೆ. ಮಧ್ಯಾಹ್ನ ಪಾಚಿಯಿಂದ ಪಿಎಚ್ ಕೂಡ ಏರುತ್ತದೆ, ಏರಿದಷ್ಟೂ ಅಮೋನಿಯ ವಿಷವಾಗುತ್ತದೆ. 25 ಡಿಗ್ರಿಯಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯದಲ್ಲಿ ವಿಷಕಾರಿ ರೂಪ ಶೇ. 1ಕ್ಕೂ ಕಡಿಮೆ, ಪಿಎಚ್ 9 ಆದರೆ ಮೂರನೆಯ ಒಂದು ಭಾಗಕ್ಕೂ ಹೆಚ್ಚು.

ಮಾದರಿ ತೆಗೆಯುವ ಸಿಬ್ಬಂದಿ ಕಚೇರಿಯ ಹೊತ್ತಿನಲ್ಲಿ ಬರುತ್ತಾರೆ. ಅವರ ಅಂಕಿ ಸುಳ್ಳಲ್ಲ, ಮೀನು ಸಾಯುವ ಹೊತ್ತಿನದ್ದಲ್ಲ ಅಷ್ಟೇ. ನೀವು ನಡೆಯಲು ಹೋಗುವುದೇ ಮುಂಜಾನೆ. ಅದಕ್ಕೇ ಹೇಳುವುದು, ಪ್ರಯೋಗಾಲಯಕ್ಕೆ ಪೈಪೋಟಿ ಕೊಡಲು ಹೋಗಬೇಡಿ, ಅವರು ಇರದ ಹೊತ್ತನ್ನು ಹಿಡಿಯಿರಿ.

ಕರಗಿದ ಆಮ್ಲಜನಕ ಅಳೆಯಲು ವಿಂಕ್ಲರ್ ವಿಧಾನದ ಒಂದು ಕಿಟ್ ತೆಗೆದುಕೊಳ್ಳಿ. ಗಾಜಿನ ಬಾಟಲಿಯನ್ನು ಗುಳ್ಳೆ ಬರದಂತೆ ನೀರಿನೊಳಗೇ ತುಂಬಿ ಮುಚ್ಚಿ, ದಂಡೆಯಲ್ಲೇ ಎರಡು ದ್ರಾವಣ ಹನಿಸಬೇಕು. ಒಳಗೆ ಒಂದು ಕೆಸರು ಇಳಿಯುತ್ತದೆ. ಆಮ್ಲಜನಕವಿದ್ದರೆ ಅದು ಕಂದಾಗುತ್ತದೆ, ಹೆಚ್ಚಿದ್ದಷ್ಟೂ ಗಾಢ. ಬಿಳಿಯಾಗಿಯೇ ಉಳಿದರೆ ಆ ನೀರಿನಲ್ಲಿ ಉಸಿರಿಲ್ಲ. ಅಂಕಿ ಓದಲು ಬಾರದವರಿಗೂ ಅದು ಕಾಣುತ್ತದೆ. ಹಾಗೆ ಕಟ್ಟಿಟ್ಟ ಬಾಟಲಿಯನ್ನು ನೆರಳಿನಲ್ಲಿಟ್ಟು ಕೆಲವು ಗಂಟೆಗಳ ನಂತರ ಮನೆಯಲ್ಲಿ ಟೈಟ್ರೇಷನ್ (ದ್ರಾವಣ ಹನಿಹನಿಯಾಗಿ ಹಾಕಿ ಪ್ರಮಾಣ ಕಂಡುಹಿಡಿಯುವುದು) ಮಾಡಿದರೂ ನಡೆಯುತ್ತದೆ. ದ್ರಾವಣಗಳು ವಿಷ, ಆಮ್ಲವೂ ಇದೆ. ಕೈಗವಸು ಬೇಕು, ಮಕ್ಕಳ ಕೈಗೆ ಕೊಡಬೇಡಿ, ಮುಗಿದ ಮೇಲೆ ಕೆರೆಗೇ ಸುರಿದು ಬರಬೇಡಿ!

ಈಗ ಎ ಬ್ಲಾಕ್ ಅವರ ಟಿಡಿಎಸ್ ಮೀಟರ್. ಅದನ್ನು ಹಿಡಿದುಕೊಂಡು ರಾಜಕಾಲುವೆಯ ಗುಂಟ ಮೇಲಕ್ಕೆ ನಡೆಯಿರಿ. ಕಾವೇರಿ ನೀರಿಗೆ ಲವಣ ಕಡಿಮೆ, ಮಳೆ ನೀರಿಗೆ ಇನ್ನೂ ಕಡಿಮೆ, ಕೊಳಚೆಗೆ ಹೆಚ್ಚು. ಮಳೆಯಿಲ್ಲದ ದಿನ ಪ್ರತಿ ಸೇರುವೆಯ ಮೊದಲು ಒಮ್ಮೆ, ನಂತರ ಒಮ್ಮೆ ಅಳೆದು ನಕ್ಷೆಯ ಮೇಲೆ ಬರೆಯಿರಿ. ಎಲ್ಲಿ ದಿಢೀರನೆ ಜಿಗಿಯುತ್ತದೋ ಅಲ್ಲಿ ಯಾವುದೋ ಪೈಪ್ ಕೂಡಿಕೊಂಡಿದೆ. ಕುಡಿಯುವ ನೀರಿನ ಬಗ್ಗೆ ಏನೂ ಹೇಳಲಾಗದ ಆ ಮೀಟರ್ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ.

ಏರಿಮೇಲಿನವಳು

ರಾಯರೇ, ನಿಮ್ಮ ಮಾತು ಕೇಳಿ ಮೂರು ಜನ ರಾಜಕಾಲುವೆಯ ಗುಂಟ ಹೋದೆವು. ಹುಲ್ಲಿನ ಹೊರೆಯವರ ಅಮ್ಮನಂಥವರೇ ಒಬ್ಬರು ದಾರಿ ತೋರಿಸಿದರು. ಬೇಲಿಯಲ್ಲಿ ತೂತು ಎಲ್ಲಿದೆ ಎಂದು ನಮಗ್ಯಾರಿಗೂ ಗೊತ್ತಿರಲಿಲ್ಲ. ಮೀಟರ್ ಜಿಗಿದದ್ದು ನಮ್ಮ ಬಡಾವಣೆಯ ಗಡಿಯಲ್ಲೇ. ಸ್ವಂತ ಎಸ್‌ಟಿಪಿ (ಕೊಳಚೆ ನೀರು ಸಂಸ್ಕರಣಾ ಘಟಕ) ಇರುವ ದೊಡ್ಡ ವಸತಿ ಸಮುಚ್ಚಯವೊಂದರ ಹಿಂಭಾಗದ ಪೈಪ್. ಯಾವ ಸಮುಚ್ಚಯವೆಂದು ಬರೆಯುವುದಿಲ್ಲ. ಸಂಘದ ಸಭೆಯಲ್ಲಿ ಬಹುಮತ ಯಾಕೆ ಹಾಗಿತ್ತು ಎಂದು ಈಗ ಅರ್ಥವಾಗುತ್ತಿದೆ.

ಎ ಬ್ಲಾಕ್ ನಿವಾಸಿ

ನಮ್ಮ ಎಸ್‌ಟಿಪಿ ಎಂದು ಯಾರು ಹೇಳಿದರು? ಅದು ಮಳೆನೀರಿನ ಪೈಪ್ ಇರಬಹುದು. ಒಂದು ಸಲ ಅಳೆದು ತೀರ್ಪು ಕೊಡುವುದು ಸರಿಯಲ್ಲ.

ಬ್ಯುರೆಟ್ ರಾಯರು

ಅವರು ಹೇಳುವುದರಲ್ಲಿ ನ್ಯಾಯವಿದೆ. ಒಂದು ಸಲ ಸಾಲದು. ಆದರೆ ಮಳೆಯಿಲ್ಲದ ದಿನ ಮಳೆನೀರಿನ ಪೈಪಿನಲ್ಲಿ ನೀರು ಹರಿಯಬಾರದು, ಅದನ್ನು ಕಂಡುಹಿಡಿಯಲು ಮೀಟರೂ ಬೇಡ. ವಾರದ ಎಲ್ಲ ದಿನ, ಬೇರೆ ಬೇರೆ ಹೊತ್ತು ನೋಡಿ. ನೋಡಲು ಎ ಬ್ಲಾಕಿನವರನ್ನೂ ಕರೆದುಕೊಂಡು ಹೋಗಿ, ಮೀಟರ್ ಅವರ ಕೈಯಲ್ಲೇ ಇರಲಿ. ಹೋಗುವ ಮೊದಲು ತಿಳಿದ ಸಾಂದ್ರತೆಯ ದ್ರಾವಣದಲ್ಲಿ ಮೀಟರ್ ಸರಿಪಡಿಸಿಕೊಂಡದ್ದನ್ನೂ ಬರೆದಿಡಿ.

ಡೆಟ್ರಾಯಿಟ್ ದಂಡೆ

ಅಂಕಿಗಳನ್ನು ಹೊರಗೆ ಹಾಕುವ ವಿಷಯಕ್ಕೆ ಒಂದು ನಡುದಾರಿ: ಅಳೆದ ಮೇಲೆ ಯಾವ ಅಂಕಿ ಪ್ರಕಟಿಸಬೇಕೆಂದು ಕೂತು ಚರ್ಚಿಸಬೇಡಿ. ಅಳೆಯುವ ಮೊದಲೇ ಎಲ್ಲವನ್ನೂ ಪ್ರಕಟಿಸುತ್ತೇವೆ, ಒಳ್ಳೆಯದು ಬಂದರೂ ಕೆಟ್ಟದ್ದು ಬಂದರೂ, ಎಂದು ಬರೆದು ಸಹಿ ಹಾಕಿಸಿಕೊಳ್ಳಿ.

ವಿಜ್ಞಾನ ಮೇಷ್ಟ್ರು

ಪೈಪಿನ ಹೆಸರು ಬೇಡವೆಂದರೆ ಬೇಡ, ಕೆರೆಯ ಅಂಕಿಗಳನ್ನು ಏರಿಯ ಮೇಲಿನ ಒಂದು ಹಲಗೆಗೆ ಬಿಳಿ ಸೀಮೆಸುಣ್ಣದಲ್ಲಿ ಬರೆಯಿರಿ. ದಿನಾಂಕ, ಹೊತ್ತು, ಆಮ್ಲಜನಕ, ತಟ್ಟೆ ಕಂಡ ಆಳ. ಬರೆಯಲು ಎಂಟನೆಯ ತರಗತಿಯವರನ್ನು ನಾನು ಕಳುಹಿಸುತ್ತೇನೆ, ದ್ರಾವಣ ಮಾತ್ರ ದೊಡ್ಡವರು ಮುಟ್ಟಲಿ.

ಹುಲ್ಲಿನ ಹೊರೆ

ಕನ್ನಡದಲ್ಲಿ ಬರೆಯಿಸಿ ಸರ್. ನಮ್ಮ ಕೆರೆಯ ಹಲಗೆಗಳೆಲ್ಲ ಇಂಗ್ಲಿಷಿನಲ್ಲಿವೆ.

ಏರಿಮೇಲಿನವಳು

ಆಯಿತು. ಮುಂಜಾನೆಯ ಆಮ್ಲಜನಕ ವಾರಕ್ಕೊಮ್ಮೆ, ಮೂರು ಜಾಗಗಳಲ್ಲಿ: ಎರಡು ಒಳಹರಿವು, ಒಂದು ಕೋಡಿ. ರಾಜಕಾಲುವೆಯ ನಡಿಗೆ ಮುಂದಿನ ವಾರ ಪೂರ್ತಿ, ಎ ಬ್ಲಾಕಿನವರ ಮೀಟರ್ ಸಮೇತ. ಅವರು ಬರುತ್ತೇನೆಂದು ಖಾಸಗಿಯಾಗಿ ಸಂದೇಶ ಕಳುಹಿಸಿದ್ದಾರೆ. ದಾರಿ ತೋರಿಸಿದ ಅಕ್ಕನಿಗೆ ಅವರ ಹೊತ್ತಿಗೆ ತಕ್ಕಷ್ಟು ಕೂಲಿ ಕೊಡುವುದಕ್ಕೆ ಗುಂಪು ಒಪ್ಪಿದೆ, ಹುಬ್ಬಳ್ಳಿಯವರು ಇನ್ನು ಸಿಟ್ಟಾಗಬೇಕಿಲ್ಲ. ಕಡತವಾಸಿಯವರೇ, ವರದಿಯನ್ನು ಯಾವ ರೂಪದಲ್ಲಿ ಕಳುಹಿಸಿದರೆ ನಿಮ್ಮಂಥವರು ಓದುತ್ತೀರಿ?

ಕಡತವಾಸಿ

ಒಂದೇ ಪುಟ. ಮೇಲೆ ನಕ್ಷೆ, ಜಾಗಗಳಿಗೆ ಒಂದು, ಎರಡು, ಮೂರು ಎಂದು ಸಂಖ್ಯೆ, ಆ ಸಂಖ್ಯೆಗಳು ಎಂದೂ ಬದಲಾಗಬಾರದು. ಕೆಳಗೆ ದಿನಾಂಕ, ಹೊತ್ತು, ಹಿಂದಿನ ದಿನ ಮಳೆಯಿತ್ತೇ ಇಲ್ಲವೇ, ಅಂಕಿ, ಅಳೆದವರ ಹೆಸರು. ವಿಶೇಷಣಗಳು ಬೇಡ. ಟಪಾಲು ವಿಭಾಗದಲ್ಲಿ ಕೊಟ್ಟು ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ, ಇಮೇಲ್ ಜೊತೆಗಿರಲಿ. ಶುಕ್ರವಾರ ಸಂಜೆ ಕೊಡಬೇಡಿ, ಸೋಮವಾರದ ಹೊತ್ತಿಗೆ ಅದರ ಮೇಲೆ ಇನ್ನೊಂದು ರಾಶಿ ಬಿದ್ದಿರುತ್ತದೆ. ಮಂಗಳವಾರ ಬೆಳಿಗ್ಗೆ ಹನ್ನೊಂದರ ನಂತರ ಬನ್ನಿ.